ನಿಮ್ಮ ತಾರಸಿಯ ನೀರು ನಮ್ಮ ಬಚ್ಚಲಿಗೆ ಬಂತು

ಒಳಚರಂಡಿ ನೋಡಿಕೊಳ್ಳುವ ಅಧಿಕಾರಿಗಳಿಗೆ, ಇಂಜಿನಿಯರುಗಳಿಗೆ, ಮನೆ ಕಟ್ಟಿಸುವವರಿಗೆ, ಕಟ್ಟಿಕೊಡುವವರಿಗೆ, ಈಗಾಗಲೇ ಮನೆ ಕಟ್ಟಿಕೊಂಡು ನೆಮ್ಮದಿಯಾಗಿ ಇರುವ ಎಲ್ಲರಿಗೂ,

ನಮಸ್ಕಾರ.

ಒಂದು ರಾತ್ರಿ ಜೋರು ಮಳೆ ಬಂತು. ನಮ್ಮ ಬಚ್ಚಲಮನೆಯ ಮೂಲೆಯಲ್ಲಿ ನೀರು ಹೋಗುವ ಜಾಲರಿ ಇದೆಯಲ್ಲ, ಅಲ್ಲಿಂದ ಮೊದಲು ಗುಳುಗುಳು ಸದ್ದು ಬಂತು. ಸ್ವಲ್ಪ ಹೊತ್ತಿಗೆ ನೀರೇ ಬಂತು. ಕಪ್ಪಗಿನ, ಗಬ್ಬು ವಾಸನೆಯ ನೀರು. ಬಚ್ಚಲು ತುಂಬಿ, ಹೊಸ್ತಿಲು ದಾಟಿ, ಅಮ್ಮ ಮಲಗಿದ್ದ ಕೋಣೆಗೆ ಹರಿಯಿತು. ಅಮ್ಮನನ್ನು ಮಂಚದ ಮೇಲೆಯೇ ಕೂರಿಸಿ, ಬಕೆಟ್ಟಿನಲ್ಲಿ ಮೊಗೆದು ಮೊಗೆದು ಹೊರಗೆ ಚೆಲ್ಲಿದೆವು. ಮೊಗೆದಷ್ಟೂ ಬರುತ್ತಲೇ ಇತ್ತು. ಮಳೆ ನಿಂತು ಅರ್ಧ ಗಂಟೆಯಾದ ಮೇಲೆ ತಾನಾಗಿಯೇ ಇಳಿದುಹೋಯಿತು. ನೆಲದ ಮೇಲೆ ಏನು ಉಳಿದಿತ್ತು ಎಂದು ಇಲ್ಲಿ ಬರೆಯುವುದಿಲ್ಲ.

ಮರುದಿನ ದೂರು ಕೊಟ್ಟೆ. ಬಂದವರು ಮ್ಯಾನ್‌ಹೋಲ್ ಮುಚ್ಚಳ ತೆಗೆದರು, ಉದ್ದದ ರಾಡ್ ಹಾಕಿ ಆಡಿಸಿದರು. 'ಎಲ್ಲೂ ಬ್ಲಾಕ್ ಇಲ್ಲ, ಲೈನ್ ಕ್ಲಿಯರ್ ಇದೆ' ಎಂದು ಹೇಳಿ ಹೋದರು. ಅವರು ಹೇಳಿದ್ದು ನಿಜವೇ. ಬ್ಲಾಕ್ ಇರಲಿಲ್ಲ. ಹಾಗಾದರೆ ಎಲ್ಲೂ ಕಟ್ಟಿಕೊಳ್ಳದ ಲೈನು ಉಕ್ಕಿದ್ದು ಹೇಗೆ? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆ. ಪ್ಲಂಬರುಗಳನ್ನು ಕೇಳಿದೆ, ಗೊತ್ತಿದ್ದ ಇಂಜಿನಿಯರುಗಳನ್ನು ಕೇಳಿದೆ. ಮಳೆ ಬಂದಾಗಲೆಲ್ಲ ಕೊಡೆ ಹಿಡಿದು ಬೀದಿಯ ಉದ್ದಕ್ಕೂ ನಡೆದು ನೋಡಿದೆ. ಕೊನೆಗೆ ಉತ್ತರ ಸಿಕ್ಕಿತು. ನಮ್ಮ ಬೀದಿ ಇಳಿಜಾರಿನಲ್ಲಿದೆ. ನಮ್ಮದು ಕೆಳಗಿನ ಕೊನೆಯ ಮನೆ. ಮೇಲಿನ ಹಲವು ಮನೆಗಳ ತಾರಸಿಯ ಪೈಪುಗಳು ನೇರವಾಗಿ ಒಳಚರಂಡಿಯ ಚೇಂಬರಿಗೆ ಇಳಿದಿವೆ. ಅವರ ತಾರಸಿಗೆ ಬಿದ್ದ ಮಳೆ ನಮ್ಮ ಬಚ್ಚಲಲ್ಲಿ ಮೇಲೆದ್ದಿತ್ತು.

ಮೇಲಿನ ಮನೆಯವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಇದು ಗೊತ್ತೇ ಇರಲಿಲ್ಲ. ಅವರ ಮನೆಯಲ್ಲಿ ನೀರು ಸರಾಗವಾಗಿ ಹೋಗುತ್ತದೆ, ತಾರಸಿಯಲ್ಲಿ ಒಂದು ಹನಿ ನಿಲ್ಲುವುದಿಲ್ಲ. ತೊಂದರೆಯೇ ಕಾಣದಿದ್ದರೆ ಯಾರು ತಾನೇ ಪೈಪು ಎಲ್ಲಿಗೆ ಹೋಗಿದೆ ಎಂದು ಹುಡುಕುತ್ತಾರೆ? ಮಳೆನೀರನ್ನು ಒಳಚರಂಡಿಗೆ ಬಿಟ್ಟವರಿಗೆ ಅದರ ಕಷ್ಟ ತಟ್ಟುವುದಿಲ್ಲ. ತಗ್ಗಿನಲ್ಲಿ ಇರುವವರಿಗೆ ತಟ್ಟುತ್ತದೆ. ಈ ಕಾಯಿಲೆ ಇಷ್ಟು ವರ್ಷ ವಾಸಿಯಾಗದೆ ಉಳಿದಿರುವುದಕ್ಕೆ ದೊಡ್ಡ ಕಾರಣ ಇದೇ ಎಂದು ನನಗೆ ಅನಿಸುತ್ತದೆ.

ಒಂದು ಲೆಕ್ಕ ಹೇಳುತ್ತೇನೆ. ದಯವಿಟ್ಟು ನೀವೂ ಪೆನ್ನು ಹಿಡಿದು ಮಾಡಿ ನೋಡಿ. 100 ಚದರ ಮೀಟರ್ ತಾರಸಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 2,500 ಲೀಟರ್ ನೀರು. ನಾಲ್ಕು ಜನರ ಮನೆಯಿಂದ ಸ್ನಾನ, ಶೌಚ, ಅಡುಗೆ, ಬಟ್ಟೆ ಎಲ್ಲಾ ಸೇರಿ ದಿನಕ್ಕೆ ಸುಮಾರು 500 ಲೀಟರ್ ಕೊಳಚೆ ಹೊರಡುತ್ತದೆ ಎಂದು ಇಟ್ಟುಕೊಳ್ಳೋಣ. ಅಂದರೆ ಐದು ದಿನದ ಕೊಳಚೆಯಷ್ಟು ನೀರನ್ನು ಒಂದೇ ಮಳೆ ಆ ಪೈಪಿಗೆ ತುರುಕುತ್ತದೆ.

ಈಗ ಬೀದಿಯ ಪೈಪಿನ ಕಡೆಯಿಂದ ನೋಡಿ. 200 ಮಿಲಿಮೀಟರ್ ಅಗಲದ ಪೈಪನ್ನು 200 ಮೀಟರಿಗೆ 1 ಮೀಟರ್ ಇಳಿಜಾರಿನಲ್ಲಿ ಹಾಕಿದರೆ, ಅದು ಪೂರ್ತಿ ತುಂಬಿ ಹರಿದಾಗ ಸೆಕೆಂಡಿಗೆ ಸುಮಾರು 23 ಲೀಟರ್ ಸಾಗಿಸುತ್ತದೆ. ಬರೀ ಮನೆಯ ಕೊಳಚೆಗಾದರೆ ಇದು ನೂರಾರು ಮನೆಗಳಿಗೆ ಧಾರಾಳವಾಗಿ ಸಾಕು. ಆದರೆ ಗಂಟೆಗೆ 50 ಮಿಲಿಮೀಟರ್ ಲೆಕ್ಕದಲ್ಲಿ ಮಳೆ ಸುರಿಯುವಾಗ 100 ಚದರ ಮೀಟರಿನ ಒಂದೊಂದು ತಾರಸಿಯೂ ಸೆಕೆಂಡಿಗೆ ಸುಮಾರು 1.4 ಲೀಟರ್ ಕೊಡುತ್ತದೆ. 17 ತಾರಸಿಗಳು ಸೇರಿದರೆ ಪೈಪು ತುಂಬಿತು. ನೂರಾರು ಮನೆಗೆ ಸಾಕಾಗುವ ಪೈಪನ್ನು ಒಂದು ಸಣ್ಣ ಬೀದಿಯ ತಾರಸಿಗಳೇ ತುಂಬಿಬಿಡುತ್ತವೆ. ಆಮೇಲೆ ಬರುವ ನೀರಿಗೆ ಜಾಗ ಬೇಕಲ್ಲ? ತಗ್ಗಿನ ಮ್ಯಾನ್‌ಹೋಲಿನ ಮುಚ್ಚಳ ಎತ್ತಿಕೊಂಡು ಬರುತ್ತದೆ, ಇಲ್ಲವೇ ತಗ್ಗಿನ ಮನೆಯ ಬಚ್ಚಲಲ್ಲಿ ಬರುತ್ತದೆ.

'ಮಳೆನೀರು ಹೋದರೆ ಚರಂಡಿ ತೊಳೆದ ಹಾಗಾಗುತ್ತದೆ, ಒಳ್ಳೆಯದೇ ಅಲ್ವಾ?' ಎಂದು ಒಬ್ಬರಲ್ಲ, ನಾಲ್ಕೈದು ಜನ ನನ್ನನ್ನು ಕೇಳಿದ್ದಾರೆ. ಕೇಳಲು ಸರಿ ಎನಿಸುವ ಮಾತು. ಆದರೆ ತಾರಸಿಯಿಂದ ಬರುವುದು ಬರೀ ನೀರಲ್ಲ. ಮರಳು, ಮಣ್ಣು, ಒಣಗಿದ ಎಲೆ ಎಲ್ಲವೂ ಜೊತೆಗೆ ಬರುತ್ತವೆ. ಮಳೆ ನಿಂತ ಮೇಲೆ ಮರಳು ಪೈಪಿನ ತಳದಲ್ಲಿ ಕೂರುತ್ತದೆ. ಅದರ ಮೇಲೆ ಜಿಡ್ಡು ಅಂಟುತ್ತದೆ. ಮುಂದಿನ ಬ್ಲಾಕ್ ಶುರುವಾಗುವುದು ಅಲ್ಲಿಂದಲೇ. ಒಳಚರಂಡಿ ತನ್ನನ್ನು ತಾನೇ ತೊಳೆದುಕೊಳ್ಳಲು ಬೇಕಾದದ್ದು ಸರಿಯಾದ ಇಳಿಜಾರು. ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗದಲ್ಲಿ ಕೊಳಚೆ ಹರಿದರೆ ಕಸ ತಳಕ್ಕೆ ಕೂರುವುದಿಲ್ಲ. ಇಂಜಿನಿಯರುಗಳು ಆ ವೇಗವನ್ನು ಲೆಕ್ಕ ಹಾಕಿಯೇ ಪೈಪಿನ ಅಗಲವನ್ನೂ ಇಳಿಜಾರನ್ನೂ ನಿಶ್ಚಯಿಸುತ್ತಾರೆ.

ಎರಡು ನೀರೂ ಒಂದೇ ಪೈಪಿನಲ್ಲಿ ಹೋಗಲಿ ಎಂದೇ ಕಟ್ಟಿದ ಊರುಗಳು ಇಲ್ಲವೆಂದಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ಗಬ್ಬು ವಾಸನೆ ತಡೆಯಲಾರದೆ ಲಂಡನ್ ನಗರ ಇಂಜಿನಿಯರ್ ಜೋಸೆಫ್ ಬ್ಯಾಜಲ್ಜೆಟ್ ಅವರಿಂದ ದೊಡ್ಡ ಒಳಚರಂಡಿ ಕಟ್ಟಿಸಿತು. ಕೊಳಚೆಯೂ ಮಳೆನೀರೂ ಅದರಲ್ಲೇ ಹೋಗುತ್ತಿದ್ದವು. ಜೋರು ಮಳೆಗೆ ತುಂಬಿದಾಗ ಹೆಚ್ಚಾದದ್ದು ನದಿಗೆ ಬೀಳುತ್ತಿತ್ತು. ಊರು ಬೆಳೆದ ಹಾಗೆ ಸಣ್ಣ ಮಳೆಗೂ ಬೀಳತೊಡಗಿತು. ಅದನ್ನು ತಡೆಯಲು ಈ ಕಾಲದಲ್ಲಿ ಥೇಮ್ಸ್ ಕೆಳಗೆ 25 ಕಿಲೋಮೀಟರ್ ಉದ್ದದ ಹೊಸ ಸುರಂಗವನ್ನೇ ಕೊರೆಯಬೇಕಾಯಿತು. ಅಮೆರಿಕದ ಮೆಂಫಿಸ್ ಹಿಡಿದ ದಾರಿ ಬೇರೆ. 1878ರಲ್ಲಿ ಅಲ್ಲಿ ಹಳದಿ ಜ್ವರದಿಂದ ಸಾವಿರಾರು ಜನ ಸತ್ತರು. ಆಮೇಲೆ 1880ರಲ್ಲಿ ಇಂಜಿನಿಯರ್ ಜಾರ್ಜ್ ವೇರಿಂಗ್ ಅಲ್ಲಿ ಸಣ್ಣ ಪೈಪುಗಳ ಒಳಚರಂಡಿ ಹಾಕಿಸಿದರು. ಮಳೆನೀರಿಗೆ ಅದರಲ್ಲಿ ಪ್ರವೇಶವಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದರು. ಪೈಪು ಸಣ್ಣದಾಗಿದ್ದರಿಂದ ಖರ್ಚು ಕಡಿಮೆಯಾಯಿತು. ಒಳಚರಂಡಿಯೇ ಬೇರೆ, ಮಳೆನೀರು ಚರಂಡಿಯೇ ಬೇರೆ ಎಂದು ಇರುವ ಕಡೆಗಳಲ್ಲೆಲ್ಲ ನಾವು ಒಪ್ಪಿಕೊಂಡಿರುವ ಒಪ್ಪಂದ ಅದೇ: ಪೈಪು ಸಣ್ಣದು, ಹಾಗಾಗಿ ಮಳೆಗೆ ಜಾಗವಿಲ್ಲ. ಒಪ್ಪಂದದ ಮೊದಲ ಅರ್ಧ ಪಾಲಿಸಿ, ಎರಡನೆಯದನ್ನು ಮರೆತಿದ್ದೇವೆ.

ಇಷ್ಟು ಹೊತ್ತು ಮೇಲಿನಿಂದ ಸುರಿಯುವ ನೀರಿನ ಮಾತಾಯಿತು. ಇನ್ನೊಂದು ನೀರು ಇದೆ. ಅದು ಸದ್ದಿಲ್ಲದೆ ಬರುತ್ತದೆ. ಮಳೆಗಾಲದಲ್ಲಿ ಅಂತರ್ಜಲ ಮೇಲೇರುತ್ತದೆ. ಹಲವು ಕಡೆ ಒಳಚರಂಡಿಯ ಪೈಪಿಗಿಂತಲೂ ಮೇಲೆ ಬಂದು ನಿಲ್ಲುತ್ತದೆ. ಆಗ ಪೈಪು ನೀರಿನಲ್ಲಿ ಮುಳುಗಿದ ಹಾಗೆ. ಎಲ್ಲಿ ಸಂದು ಇದೆಯೋ ಅಲ್ಲಿಂದ ನೀರು ಒಳಗೆ ನುಗ್ಗುತ್ತದೆ. ಹಳೆಯ ಮಣ್ಣಿನ ಪೈಪಿನ ಜೋಡಣೆ, ಸಿಮೆಂಟು ಉದುರಿದ ಚೇಂಬರಿನ ಗೋಡೆ, ಮರದ ಬೇರು ಹೊಕ್ಕ ಬಿರುಕು, ಎಲ್ಲವೂ ಅದಕ್ಕೆ ಬಾಗಿಲೇ. ಬೇರು ಮೊದಲು ಕೂದಲಿನಷ್ಟು ಸಣ್ಣಗೆ ಒಳಗೆ ಬರುತ್ತದೆ. ಒಳಗೆ ತೇವವೂ ಗೊಬ್ಬರವೂ ಸಿಕ್ಕಿದ ಮೇಲೆ ದಪ್ಪವಾಗಿ ಬೆಳೆದು ಆ ಬಿರುಕನ್ನೇ ಅಗಲ ಮಾಡುತ್ತದೆ.

ಎಲ್ಲಕ್ಕಿಂತ ಕೆಟ್ಟ ಜಾಗ ಮನೆಯ ಲೈನು ಬೀದಿಯ ಲೈನಿಗೆ ಸೇರುವ ಕಡೆ ಇರುತ್ತದೆ. ಅಲ್ಲಿ ಸುತ್ತಿಗೆಯಿಂದ ಪೈಪನ್ನೋ ಮ್ಯಾನ್‌ಹೋಲಿನ ಗೋಡೆಯನ್ನೋ ಒಡೆದು, ಮನೆಯ ಪೈಪು ತೂರಿಸಿ, ಸುತ್ತ ಒಂದಿಷ್ಟು ಸಿಮೆಂಟು ಮೆತ್ತಿರುತ್ತಾರೆ. ಅದು ಎಷ್ಟು ದಿನ ನಿಂತೀತು? ಪೈಪು ಹಾಕಲು ತೋಡಿದ ಗುಂಡಿಯೂ ನೀರಿಗೆ ದಾರಿಯಾಗುತ್ತದೆ. ಸುತ್ತಲಿನ ಗಟ್ಟಿ ನೆಲಕ್ಕಿಂತ ಗುಂಡಿಗೆ ತುಂಬಿದ ಜಲ್ಲಿಯಲ್ಲಿ, ಸಡಿಲ ಮಣ್ಣಿನಲ್ಲಿ ನೀರು ಸಲೀಸಾಗಿ ಹರಿಯುತ್ತದೆ. ಹಾಗೆ ಪೈಪಿನ ಪಕ್ಕದಲ್ಲೇ ಹರಿದು ಬಂದು ಮೊದಲು ಸಿಕ್ಕ ಸಂದಿನಲ್ಲಿ ಒಳಗೆ ಹೋಗುತ್ತದೆ.

ಜಿನುಗು ತಾನೇ, ಅದರಿಂದ ಏನಾದೀತು ಎನ್ನಬೇಡಿ. ಒಂದು ಜೋಡಣೆಯಲ್ಲಿ ನಿಮಿಷಕ್ಕೆ ಒಂದೇ ಲೀಟರ್ ಒಳಗೆ ಬಂದರೂ ದಿನಕ್ಕೆ 1,440 ಲೀಟರ್ ಆಯಿತು. ಹೆಚ್ಚುಕಡಿಮೆ ಮೂರು ಮನೆಗಳ ಕೊಳಚೆಯಷ್ಟು. ತಾರಸಿಯ ನೀರು ಮಳೆ ನಿಂತ ಮೇಲೆ ನಿಲ್ಲುತ್ತದೆ. ಇದು ನಿಲ್ಲುವುದಿಲ್ಲ. ಅಂತರ್ಜಲ ಇಳಿಯುವ ತನಕ ಹಗಲೂ ರಾತ್ರಿ ಬರುತ್ತಲೇ ಇರುತ್ತದೆ.

ಆ ನೀರನ್ನು ಪಂಪುಗಳು ಎತ್ತಬೇಕು. ಅದಕ್ಕೆ ಕರೆಂಟು ಬೇಕು. ಸಂಸ್ಕರಣಾ ಘಟಕದಲ್ಲಿ ಕೊಳೆಯನ್ನು ತಿಂದು ನೀರನ್ನು ಹಸನು ಮಾಡುವುದು ಬ್ಯಾಕ್ಟೀರಿಯಾ. ಅವಕ್ಕೆ ಆಹಾರವೂ ಬೇಕು, ಸಮಯವೂ ಬೇಕು. ತೆಳುವಾದ ನೀರು ಒಮ್ಮೆಲೇ ನುಗ್ಗಿದರೆ ಎರಡೂ ಸಿಗುವುದಿಲ್ಲ. ಪ್ರವಾಹ ತೀರಾ ಜಾಸ್ತಿಯಾದರೆ ಬ್ಯಾಕ್ಟೀರಿಯಾಗಳೇ ತೊಟ್ಟಿಯಿಂದ ಕೊಚ್ಚಿಹೋಗುತ್ತವೆ. ಅವು ಮತ್ತೆ ಬೆಳೆದು ಮೊದಲಿನ ಸ್ಥಿತಿಗೆ ಬರಲು ದಿನಗಟ್ಟಲೆ ಬೇಕು. ಆ ದಿನಗಳಲ್ಲಿ ಅರೆಬರೆ ಶುದ್ಧವಾದ ನೀರು ಕೆರೆಗೋ ಹೊಳೆಗೋ ಹೋಗುತ್ತದೆ. ನಮ್ಮ ಮನೆಯ ಅಂಗಳದ ಒಂದು ತಪ್ಪು ಜೋಡಣೆ ಅಲ್ಲಿಯ ತನಕ ಮುಟ್ಟುತ್ತದೆ.

ನನಗೆ ಹೆಚ್ಚು ಭಯ ಹುಟ್ಟಿಸಿದ ವಿಷಯ ಬೇರೆ. ಸಂದಿನಿಂದ ಒಳಗೆ ಬರುವ ನೀರು ಒಂದೇ ಬರುವುದಿಲ್ಲ, ಜೊತೆಗೆ ಮಣ್ಣನ್ನೂ ಕರೆತರುತ್ತದೆ. ಚಿಟಿಕೆ ಚಿಟಿಕೆಯಾಗಿ ಪೈಪಿನ ಸುತ್ತಲಿನ ಮಣ್ಣು ಕರಗಿಹೋಗುತ್ತದೆ. ಮೇಲೆ ರಸ್ತೆ ಚೆನ್ನಾಗಿಯೇ ಕಾಣುತ್ತದೆ, ಕೆಳಗೆ ಪೊಳ್ಳಾಗಿರುತ್ತದೆ. ಒಂದು ದಿನ ಯಾವುದೋ ಭಾರದ ಗಾಡಿ ಬಂದಾಗ ರಸ್ತೆ ಕುಸಿಯುತ್ತದೆ. ಇನ್ನೊಂದು ಮಾತು. ಮಳೆಗಾಲದಲ್ಲಿ ನೀರು ಒಳಗೆ ಬರುವ ಅದೇ ಬಿರುಕಿನಿಂದ, ಬೇಸಿಗೆಯಲ್ಲಿ ಅಂತರ್ಜಲ ಇಳಿದಾಗ, ಕೊಳಚೆ ಹೊರಗೆ ಜಿನುಗುತ್ತದೆ. ಹತ್ತಿರದಲ್ಲಿ ಬಾವಿಯೋ ಕೊಳವೆಬಾವಿಯೋ ಇದ್ದರೆ ಅದು ಎಲ್ಲಿಗೆ ಸೇರಬಹುದು ಎಂದು ಯೋಚಿಸಿ. ಬಿರುಕಿಗೆ ಒಳಗೆ, ಹೊರಗೆ ಎಂಬ ಭೇದವಿಲ್ಲ.

ಮನೆ ಇರುವ ನನ್ನಂಥವರಿಗೆ ಈಗ ನಾಲ್ಕು ಮಾತು ಹೇಳಬೇಕು. ಮೊದಲು ತಾರಸಿಗೆ ಹೋಗಿ. ಮಳೆನೀರಿನ ಪೈಪು ಎಲ್ಲೆಲ್ಲಿದೆ ನೋಡಿ, ಪ್ರತಿಯೊಂದನ್ನೂ ಕೆಳಗಿನ ತನಕ ಕಣ್ಣಿನಲ್ಲೇ ಹಿಂಬಾಲಿಸಿ. ನೆಲದೊಳಗೆ ಮಾಯವಾಗಿದ್ದರೆ ಅನುಮಾನ ಪಡಿ. ಆಗ ಒಂದು ಬಕೆಟ್ ನೀರಿಗೆ ಬಣ್ಣ ಕಲಸಿ ಆ ಪೈಪಿಗೆ ಸುರಿಯಿರಿ. ಇನ್ನೊಬ್ಬರು ಕೆಳಗೆ ಒಳಚರಂಡಿ ಚೇಂಬರಿನ ಮುಚ್ಚಳ ತೆಗೆದು ನೋಡುತ್ತಿರಲಿ. ತೆಗೆಯುವಾಗ ಹುಷಾರು, ಬಗ್ಗಿ ಮುಖ ಒಡ್ಡಬೇಡಿ, ಒಳಗಂತೂ ಯಾರೂ ಇಳಿಯಕೂಡದು. ಅಲ್ಲಿ ಸೇರಿಕೊಂಡಿರುವ ವಿಷಗಾಳಿ ಕ್ಷಣಮಾತ್ರದಲ್ಲಿ ಪ್ರಾಣ ತೆಗೆಯುತ್ತದೆ. ಬಣ್ಣದ ನೀರು ಚೇಂಬರಿನಲ್ಲಿ ಕಂಡರೆ ಉತ್ತರ ಸಿಕ್ಕಿದ ಹಾಗೆ.

ತಾರಸಿಯಲ್ಲಿ ಇನ್ನೊಂದು ಪೈಪು ಇರುತ್ತದೆ. ಶೌಚಾಲಯದ ಲೈನಿನ ಗಾಳಿ ಹೊರಹೋಗಲು ಮೇಲಕ್ಕೆ ತಂದದ್ದು. ಕೆಲವು ಕಡೆ ಅದನ್ನು ತಾರಸಿಯ ಮಟ್ಟಕ್ಕೇ ಕತ್ತರಿಸಿ, ಮಳೆನೀರು ಅದರೊಳಗೆ ಹೋಗುವ ಹಾಗೆ ಮಾಡಿದ್ದನ್ನು ನಾನೇ ನೋಡಿದ್ದೇನೆ. ಮಾಡಿದವರಿಗೆ ಸುಲಭದ ದಾರಿ ಎನಿಸಿರಬೇಕು. ಆದರೆ ಅದು ಗಾಳಿಯ ದಾರಿ. ಅದನ್ನು ಮತ್ತೆ ಎತ್ತರಿಸಿ, ಮೇಲೆ ಟೋಪಿ ಹಾಕಿಸಿ.

ಅಂಗಳ ನೋಡಿ. ಚೇಂಬರಿನ ಮುಚ್ಚಳ ನೆಲಕ್ಕಿಂತ ತಗ್ಗಿದೆಯೇ? ಒಡೆದಿದೆಯೇ? ಹಾಗಿದ್ದರೆ ಅಂಗಳದ ಮಳೆಯೆಲ್ಲ ಅಲ್ಲಿಗೇ ಇಳಿಯುತ್ತದೆ. ಚೇಂಬರಿನ ಅಂಚನ್ನು ಸ್ವಲ್ಪ ಎತ್ತರಿಸಿ ಗಟ್ಟಿ ಮುಚ್ಚಳ ಹಾಕಿಸುವುದು ಅರ್ಧ ದಿನದ ಕೆಲಸ. ಬಟ್ಟೆ, ಪಾತ್ರೆ ತೊಳೆಯುವ ಬಯಲು ಜಾಗವೂ ಹೀಗೆಯೇ. ತೊಳೆದ ನೀರು ಒಳಚರಂಡಿಗೆ ಹೋಗಬೇಕು, ಅದು ಸರಿ. ಆದರೆ ಮೇಲೆ ಸೂರಿಲ್ಲದಿದ್ದರೆ, ಸುತ್ತ ಕಟ್ಟೆ ಇಲ್ಲದಿದ್ದರೆ, ಮಳೆಯೂ ಅದೇ ತೂತಿನಲ್ಲಿ ಹೋಗುತ್ತದೆ. ನಮ್ಮ ಮನೆಯಲ್ಲೇ ಹಾಗಿತ್ತು. ಮೇಲಿನವರ ಪೈಪುಗಳನ್ನು ಎಣಿಸಿಕೊಂಡು ಬಂದ ದಿನವೇ ಇದನ್ನೂ ಕಂಡೆ. ಅದೇ ವಾರ ಮೇಲೆ ಶೀಟು ಹಾಕಿಸಿ, ಸುತ್ತ ಒಂದು ಇಟ್ಟಿಗೆ ಎತ್ತರದ ಕಟ್ಟೆ ಕಟ್ಟಿಸಿದೆ. ನೆಲಮಾಳಿಗೆ ಇರುವವರು ಅಲ್ಲಿ ಜಿನುಗುವ ನೀರನ್ನು ಪಂಪಿನಲ್ಲಿ ಎತ್ತಿ ಎಲ್ಲಿಗೆ ಬಿಡುತ್ತಿದ್ದಾರೆ ಎಂಬುದನ್ನೂ ನೋಡಿಕೊಳ್ಳಿ. ಅದು ಅಂತರ್ಜಲ. ಅದರ ಜಾಗ ಮಳೆನೀರು ಚರಂಡಿ ಅಥವಾ ಇಂಗುಗುಂಡಿ.

ನೆಲದೊಳಗಿನ ಬಿರುಕನ್ನು ಕಂಡುಹಿಡಿಯುವುದು ಸ್ವಲ್ಪ ಕಷ್ಟ, ಆದರೆ ಒಂದು ಉಪಾಯವಿದೆ. ಜೋರು ಮಳೆಯಾದ ಮರುರಾತ್ರಿ, ಮಳೆ ನಿಂತಿರುವಾಗ, ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ. ಫ್ಲಶ್ ಟ್ಯಾಂಕು ಸೋರುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಅರ್ಧ ಗಂಟೆ ಬಿಟ್ಟು ಕೊನೆಯ ಚೇಂಬರಿನಲ್ಲಿ ಟಾರ್ಚು ಬಿಟ್ಟು ನೋಡಿ. ಯಾರೂ ನೀರು ಬಳಸದಿದ್ದರೂ ತಿಳಿನೀರು ಹರಿಯುತ್ತಿದ್ದರೆ ಅದು ನೆಲದಿಂದ ಬಂದ ನೀರೇ. ಆಗ ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡುವವರನ್ನು ಕರೆಸಿ. ಎಲ್ಲಿ ಬಿರುಕು, ಎಲ್ಲಿ ಬೇರು ಎಂದು ನಿಖರವಾಗಿ ಗೊತ್ತಾಗುತ್ತದೆ. ಅಷ್ಟು ಮಾತ್ರ ಅಗೆದರೆ ಸಾಕು. ಅಗೆಯದೆಯೇ ಹಳೆಯ ಪೈಪಿನೊಳಗೆ ಹೊಸ ಪದರ ಹಾಕುವ ವಿಧಾನವೂ ಇದೆ. ರಾಳದಲ್ಲಿ ನೆನೆಸಿದ ಬಟ್ಟೆಯ ಕೊಳವೆಯನ್ನು ಒಳಗೆ ತೂರಿಸಿ ಗಟ್ಟಿಯಾಗಿಸುತ್ತಾರೆ. 1971ರಲ್ಲಿ ಲಂಡನ್ನಿನಲ್ಲಿ ಎರಿಕ್ ವುಡ್ ಎಂಬವರು ಮೊದಲು ಮಾಡಿ ತೋರಿಸಿದ ವಿಧಾನ ಇದು.

ಕೊಳಚೆ ವಾಪಸು ಬಾರದಂತೆ ವಾಲ್ವ್ ಹಾಕಿಸಿ ಎಂದು ನನಗೂ ಹಲವರು ಹೇಳಿದರು. ತಗ್ಗಿನ ಮನೆಯವರಿಗೆ ಅದು ಬೇಕು, ನಾನೂ ಹಾಕಿಸಿದ್ದೇನೆ. ಆದರೆ ಅದು ಮದ್ದಲ್ಲ. ಬೀದಿಯ ಲೈನು ತುಂಬಿ ವಾಲ್ವ್ ಮುಚ್ಚಿಕೊಂಡಾಗ ನಮ್ಮ ಮನೆಯ ನೀರೂ ಹೊರಗೆ ಹೋಗುವುದಿಲ್ಲ. ಆ ಹೊತ್ತಿನಲ್ಲಿ ನಮ್ಮದೇ ತಾರಸಿಯ ಪೈಪು ಅದೇ ಲೈನಿಗೆ ಸೇರಿದ್ದರೆ, ನಮ್ಮ ಮಳೆ ನಮ್ಮ ಮನೆಯನ್ನೇ ತುಂಬುತ್ತದೆ. ಇನ್ನು, ನನ್ನ ವಾಲ್ವಿನಿಂದ ವಾಪಸು ಹೋದ ನೀರು ಎಲ್ಲಿಗೆ ಹೋಗುತ್ತದೆ? ಪಕ್ಕದ ಮನೆಗೆ. ವಾಲ್ವ್ ಹಾಕಿಸಿದ ದಿನ ನನಗೆ ಸಮಾಧಾನವಾಗಲಿಲ್ಲ.

ಮಳೆನೀರನ್ನು ತಪ್ಪಿಸಿ ಎಲ್ಲಿಗೆ ಬಿಡುವುದು ಎಂಬುದು ನ್ಯಾಯವಾದ ಪ್ರಶ್ನೆ. ಜಾಗ ಇದ್ದರೆ ತೊಟ್ಟಿಯಲ್ಲಿ ಹಿಡಿದಿಡಿ. ಮಣ್ಣು ನೀರು ಕುಡಿಯುವಂತಿದ್ದರೆ ಇಂಗುಗುಂಡಿಗೆ ಬಿಡಿ, ಆದರೆ ಗೋಡೆಯ ಪಾಯದಿಂದಲೂ ಒಳಚರಂಡಿಯ ಪೈಪಿನಿಂದಲೂ ದೂರವಿರಲಿ. ಇಲ್ಲದಿದ್ದರೆ ಇಂಗಿದ ನೀರು ಸುತ್ತಿ ಬಳಸಿ ಮತ್ತೆ ಪೈಪಿಗೇ ಸೇರುತ್ತದೆ. ಎರಡೂ ಆಗದಿದ್ದರೆ ಮಳೆನೀರು ಚರಂಡಿಗೆ ಬಿಡಿ.

ಮನೆ ಕಟ್ಟಿಕೊಡುವ ಮೇಸ್ತ್ರಿಗಳೇ, ಪ್ಲಂಬರುಗಳೇ, ಈ ಪತ್ರದಲ್ಲಿ ನಿಮ್ಮನ್ನು ಕೇಳಿಕೊಳ್ಳುವುದು ಎರಡೇ. ಮಾಲೀಕರು 'ಹತ್ತಿರದ ಚೇಂಬರಿಗೆ ಬಿಟ್ಟುಬಿಡಿ' ಎಂದರೂ ಮಳೆಯ ಪೈಪನ್ನು ಅಲ್ಲಿಗೆ ಬಿಡಬೇಡಿ. ಯಾಕೆ ಬಿಡಬಾರದು ಎಂದು ಅವರಿಗೆ ಹೇಳಿ. ನಿಮ್ಮ ಮಾತಿಗೆ ಅವರು ಬೆಲೆ ಕೊಡುತ್ತಾರೆ. ಇನ್ನೊಂದು, ಹೊಸ ಲೈನು ಹಾಕಿ ಮಣ್ಣು ಮುಚ್ಚುವ ಮೊದಲು ಕೆಳತುದಿ ಮುಚ್ಚಿ, ನೀರು ತುಂಬಿಸಿ, ಅರ್ಧ ಗಂಟೆ ಬಿಟ್ಟು ನೋಡಿ. ನೀರಿನ ಮಟ್ಟ ಇಳಿದರೆ ಎಲ್ಲೋ ಸೋರುತ್ತಿದೆ. ಗುಂಡಿ ತೆರೆದಿರುವಾಗ ಅದನ್ನು ಸರಿಮಾಡುವುದು ಐದು ನಿಮಿಷದ ಕೆಲಸ. ಮುಚ್ಚಿದ ಮೇಲೆ, ಮೇಲೆ ಕಲ್ಲು ಹಾಸಿದ ಮೇಲೆ, ಯಾರೂ ಅದಕ್ಕೆ ಕೈ ಹಾಕುವುದಿಲ್ಲ.

ಅಧಿಕಾರಿಗಳೇ, ಇಂಜಿನಿಯರುಗಳೇ, ಈಗ ನಿಮ್ಮ ಹತ್ತಿರ ಮಾತಾಡಬೇಕು. ಜನ ಮಳೆನೀರನ್ನು ಒಳಚರಂಡಿಗೆ ಬಿಡುವುದು ತಪ್ಪು. ಆದರೆ ಅವರು ಯಾಕೆ ಬಿಡುತ್ತಾರೆ ಎಂದು ಯೋಚಿಸಿದ್ದೀರಾ? ಎಷ್ಟೋ ಬೀದಿಗಳಲ್ಲಿ ಮಳೆನೀರು ಚರಂಡಿಯೇ ಇಲ್ಲ. ಇದ್ದರೆ ಅದರಲ್ಲಿ ಕಸ, ಮಣ್ಣು ತುಂಬಿದೆ. ಮನೆಯ ಮುಂದೆ ಮೊಣಕಾಲಿನವರೆಗೆ ನೀರು ನಿಂತಾಗ ಜನ ಏನು ಮಾಡುತ್ತಾರೆ? ಮ್ಯಾನ್‌ಹೋಲಿನ ಮುಚ್ಚಳ ಎತ್ತಿಬಿಡುತ್ತಾರೆ. ಬೀದಿಯ ನೀರೆಲ್ಲ ಅದರೊಳಗೆ ಹೋಗುತ್ತದೆ. ಕೆಸರು ನೀರಿನಡಿ ತೆರೆದ ಬಾಯಿ ಯಾರಿಗೂ ಕಾಣುವುದಿಲ್ಲ. ಅದರಲ್ಲಿ ಬಿದ್ದು ಜನ ಸತ್ತಿದ್ದಾರೆ. ಹಾಗಾಗಿ ಮೊದಲು ಮಳೆನೀರು ಚರಂಡಿ ಹೂಳೆತ್ತಿಸಿ. ಮಳೆಗೆ ಹೋಗಲು ದಾರಿ ಕೊಡದೆ, ಬರಬೇಡ ಎಂದು ಹೇಳಲಾಗದು.

ಎರಡನೆಯದು, ಅಳೆಯಿರಿ. ರಾತ್ರಿ ಎರಡರಿಂದ ನಾಲ್ಕು ಗಂಟೆಯ ನಡುವೆ ಮನೆಗಳಲ್ಲಿ ನೀರಿನ ಬಳಕೆ ತೀರಾ ಕಡಿಮೆ. ಆ ಹೊತ್ತಿನಲ್ಲೂ ಒಂದು ಲೈನಿನಲ್ಲಿ ಜೋರಾಗಿ ನೀರು ಹರಿಯುತ್ತಿದ್ದರೆ ಅದರಲ್ಲಿ ಹೆಚ್ಚಿನದು ಅಂತರ್ಜಲ. ಮಳೆ ಬಂದ ಕೂಡಲೇ ಹರಿವು ಸರ್ರನೆ ಏರಿ, ನಿಂತ ಕೂಡಲೇ ಇಳಿದರೆ ಅದು ತಾರಸಿಯ, ಅಂಗಳದ ನೀರು. ನಿಧಾನವಾಗಿ ಏರಿ ದಿನಗಟ್ಟಲೆ ಇಳಿಯದಿದ್ದರೆ ಬಿರುಕು. ಕೆಲವೇ ಮ್ಯಾನ್‌ಹೋಲುಗಳಲ್ಲಿ ಹೀಗೆ ಅಳೆದರೂ ಯಾವ ಬೀದಿಯಲ್ಲಿ ಯಾವ ರೋಗ ಎಂದು ತಿಳಿಯುತ್ತದೆ. ಅಳೆಯದೆ ದೊಡ್ಡ ಪೈಪು ಹಾಕಲು ಹೊರಟರೆ ಮಳೆನೀರನ್ನು ಸಾಗಿಸುವುದಕ್ಕೆ, ಶುದ್ಧ ಮಾಡುವುದಕ್ಕೆ ಖರ್ಚು ಮಾಡಿದ ಹಾಗಾಗುತ್ತದೆ.

ಆಮೇಲೆ ಹೊಗೆ ಪರೀಕ್ಷೆ ಮಾಡಿಸಿ. ಅಪಾಯವಿಲ್ಲದ ಹೊಗೆಯನ್ನು ಫ್ಯಾನಿನಿಂದ ಮ್ಯಾನ್‌ಹೋಲಿಗೆ ಊದುತ್ತಾರೆ. ತಾರಸಿಯ ಮಳೆ ಪೈಪಿನಿಂದ, ಅಂಗಳದ ಜಾಲರಿಯಿಂದ, ನೆಲದ ಬಿರುಕಿನಿಂದ ಹೊಗೆ ಎದ್ದರೆ ಅಲ್ಲೆಲ್ಲ ನೀರಿಗೂ ದಾರಿ ಇದೆ ಎಂದರ್ಥ. ತಾರಸಿಯ ಗಾಳಿ ಪೈಪಿನಿಂದ ಬಂದರೆ ಮಾತ್ರ ಅದು ಸರಿ. ಒಂದು ಬೀದಿಗೆ ಅರ್ಧ ದಿನ ಸಾಕು. ಆದರೆ ಎರಡು ದಿನ ಮೊದಲೇ ಮನೆಮನೆಗೆ ತಿಳಿಸಿ. ಬಳಸದ ಬಚ್ಚಲಿನ ಟ್ರ್ಯಾಪ್, ಅಂದರೆ ವಾಸನೆ ತಡೆಯಲು ನೀರು ನಿಲ್ಲುವ ಬಾಗು, ಒಣಗಿದ್ದರೆ ಹೊಗೆ ಮನೆಯೊಳಗೂ ಬರುತ್ತದೆ, ಒಂದೊಂದು ಚೊಂಬು ನೀರು ಹಾಕಿಡಲು ಹೇಳಿ. ಉಸಿರಾಟದ ತೊಂದರೆ ಇರುವವರಿಗೆ, ವಯಸ್ಸಾದವರಿಗೆ ಮುಂಚೆ ಗೊತ್ತಿದ್ದರೆ ಗಾಬರಿಯಾಗುವುದಿಲ್ಲ.

ಬೀದಿಯ ಲೈನು ಸರಿಮಾಡಿ ಅಲ್ಲಿಗೇ ನಿಲ್ಲಿಸಬೇಡಿ ಎಂದೂ ಬೇಡಿಕೊಳ್ಳುತ್ತೇನೆ. ಬೀದಿಯ ಪೈಪಿನ ಬಿರುಕು ಮುಚ್ಚಿದರೆ, ಅದರಲ್ಲಿ ಇಳಿದುಹೋಗುತ್ತಿದ್ದ ಅಂತರ್ಜಲ ಅಲ್ಲೇ ನಿಂತು ಮೇಲೇರುತ್ತದೆ. ಏರಿ, ಮನೆಯ ಲೈನಿನ ಸಂದುಗಳನ್ನು ಹುಡುಕಿಕೊಳ್ಳುತ್ತದೆ. ಮನೆಯ ಲೈನು ಮನೆಯವರ ಜವಾಬ್ದಾರಿ ಎಂದು ಕೈತೊಳೆದುಕೊಂಡರೆ ಅರ್ಧ ಕೆಲಸ ಹಾಗೇ ಉಳಿಯುತ್ತದೆ. ಅಮೆರಿಕದ ಓಕ್‌ಲ್ಯಾಂಡ್ ಸುತ್ತಮುತ್ತಲಿನ ಊರುಗಳಲ್ಲಿ ಒಂದು ನಿಯಮ ತಂದಿದ್ದಾರೆ. ಮನೆ ಮಾರುವಾಗ, ದೊಡ್ಡ ರಿಪೇರಿ ಮಾಡಿಸುವಾಗ, ಒಳಚರಂಡಿಯ ಮನೆಯ ಲೈನು ಸೋರುತ್ತಿಲ್ಲ ಎಂಬ ಪ್ರಮಾಣಪತ್ರ ತೋರಿಸಬೇಕು. ಎಲ್ಲರ ಅಂಗಳವನ್ನೂ ಒಂದೇ ದಿನ ಅಗೆಸದೆ, ವರ್ಷಗಳು ಕಳೆದಂತೆ ಒಂದೊಂದಾಗಿ ಮನೆಗಳು ಸರಿಯಾಗುತ್ತವೆ. ನನಗೆ ಇದು ನ್ಯಾಯವಾದ ದಾರಿ ಎನಿಸುತ್ತದೆ. ಅಮೆರಿಕದ್ದೇ ಆದ ಪೋರ್ಟ್‌ಲ್ಯಾಂಡ್ ನಗರದಲ್ಲಿ 2011ರವರೆಗೆ ನಡೆದ ಕೆಲಸವೂ ನೆನಪಿಡುವಂಥದ್ದು. ಅಲ್ಲಿ ಎರಡೂ ನೀರು ಒಂದೇ ಪೈಪಿನಲ್ಲಿ ಹೋಗುವ ವ್ಯವಸ್ಥೆ ಇತ್ತು. ಮನೆಯವರನ್ನು ಒಪ್ಪಿಸಿ, ನೆರವು ಕೊಟ್ಟು, 50,000ಕ್ಕೂ ಹೆಚ್ಚು ತಾರಸಿ ಪೈಪುಗಳನ್ನು ಒಳಚರಂಡಿಯಿಂದ ಬಿಡಿಸಿ ಅಂಗಳಕ್ಕೆ ತಿರುಗಿಸಿದರು.

ದಂಡದಿಂದ ಶುರು ಮಾಡಬೇಡಿ. ದಂಡ ಎಂದ ಕೂಡಲೇ ಜನ ಪೈಪನ್ನು ಸರಿಮಾಡುವ ಬದಲು ಅಡಗಿಸುತ್ತಾರೆ. ಮೊದಲು ತೋರಿಸಿ, ಸಮಯ ಕೊಡಿ, ಖರ್ಚು ಹೊರಲಾಗದವರಿಗೆ ನೆರವು ಕೊಡಿ. ಎಲ್ಲ ಆದ ಮೇಲೂ ಕೇಳದಿದ್ದವರ ಮಾತು ಬೇರೆ. ರಸ್ತೆಗೆ ಹೊಸ ಡಾಂಬರು ಹಾಕಿದಾಗಲೆಲ್ಲ ತಗ್ಗಾಗುವ ಮ್ಯಾನ್‌ಹೋಲುಗಳನ್ನು ರಸ್ತೆಯ ಮಟ್ಟಕ್ಕೆ ಎತ್ತಿಸಿ. ತೂತಿನ ಮುಚ್ಚಳಗಳನ್ನು ನೀರು ನಿಲ್ಲುವ ತಗ್ಗಿನಲ್ಲಿ ಇಡಬೇಡಿ.

ಮೇಲಿನ ಮನೆಗಳಲ್ಲಿ ಎರಡು ಮನೆಯವರು ಈಗಾಗಲೇ ತಾರಸಿಯ ಪೈಪು ತಿರುಗಿಸಿದ್ದಾರೆ. ನಾನು ಹೋಗಿ ಆ ರಾತ್ರಿಯ ಫೋಟೋ ತೋರಿಸಿದೆ, ಅಷ್ಟೇ. ಒಬ್ಬ ಹಿರಿಯರು ಫೋಟೋ ನೋಡಿ ಬಹಳ ಹೊತ್ತು ಸುಮ್ಮನಿದ್ದರು. 'ಅಮ್ಮ ಹೇಗಿದ್ದಾರೆ?' ಎಂದು ಕೇಳಿದರು. ಮರುದಿನವೇ ಪ್ಲಂಬರನ್ನು ಕರೆಸಿದರು. ಉಳಿದ ಕೆಲವು ಮನೆಗಳಲ್ಲಿ ಪೈಪು ನೆಲದೊಳಗೆ ಎಲ್ಲಿಗೆ ಹೋಗಿದೆ ಎಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದನ್ನು ಹೊಗೆಯೇ ತೋರಿಸಬೇಕು. ಮುಂದಿನ ಮಳೆಗಾಲಕ್ಕೆ ಮೊದಲು ನಮ್ಮ ಬೀದಿಗೆ ಒಂದು ದಿನ ಕೊಡಿ. ಮನೆಮನೆಗೆ ಹೋಗಿ ತಿಳಿಸುವ ಕೆಲಸ ನಾನು ಮಾಡುತ್ತೇನೆ. ಪರೀಕ್ಷೆ ನಮ್ಮ ಮನೆಯಿಂದಲೇ ಶುರುವಾಗಲಿ.

ಇಂತಿ,
ಇಳಿಜಾರಿನ ಕೊನೆಯ ಮನೆಯಿಂದ